ಸಾಹಿತ್ಯ ಏಜೆಂಟರನ್ನು ಫಾಲೋ ಮಾಡಿದರೆ ಪುಸ್ತಕಕ್ಕೆ ದಾರಿ ಸಿಗುತ್ತದೆಯೇ?

‘ಇಂಗ್ಲಿಷಿನಲ್ಲಿ ಪುಸ್ತಕ ಬರಬೇಕು ಅಂದರೆ ಮೊದಲು ಸಾಹಿತ್ಯ ಏಜೆಂಟರನ್ನು ಹುಡುಕಿ ಫಾಲೋ ಮಾಡು. ಅವರ ಪೋಸ್ಟುಗಳಿಗೆ ಲೈಕ್ ಕೊಡು, ಕಮೆಂಟ್ ಹಾಕು. ಹೆಸರು ಪರಿಚಯ ಆಗುತ್ತೆ. ಆಮೇಲೆ ಹಸ್ತಪ್ರತಿ ಕಳಿಸು.’ ಬರೆಯುವ ಆಸೆ ಇರುವವರಿಗೆ ಈ ಸಲಹೆ ಒಂದಲ್ಲ ಒಂದು ಕಡೆಯಿಂದ ಬಂದೇ ಬರುತ್ತದೆ. ಬರವಣಿಗೆ ಕಲಿಸುವ ವಿಡಿಯೊಗಳಲ್ಲಿ, ಬರಹಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಸಾಹಿತ್ಯೋತ್ಸವದ ಟೀ ವಿರಾಮದಲ್ಲಿ ಯಾರೋ ಒಬ್ಬರು ಇದನ್ನು ಗಟ್ಟಿಯಾಗಿ ಹೇಳುತ್ತಾರೆ. ಪಕ್ಕದಲ್ಲಿದ್ದವರು ತಲೆಯಾಡಿಸುತ್ತಾರೆ.

ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ ಎಂದು ನೋಡೋಣ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಏಜೆಂಟರನ್ನು ಫಾಲೋ ಮಾಡಿದರೆ ಮಾಹಿತಿ ಸಿಗುತ್ತದೆ, ಪರಿಚಯ ಸಿಗುವುದಿಲ್ಲ. ಇವೆರಡನ್ನು ಒಂದೇ ಎಂದುಕೊಂಡವರ ಸಮಯ ಹಾಳಾಗುತ್ತದೆ. ಅದೇ ಭ್ರಮೆಯನ್ನು ಬಂಡವಾಳ ಮಾಡಿಕೊಂಡ ವಂಚಕರೂ ಇದ್ದಾರೆ.

ಏಜೆಂಟ್ ಎಂದರೆ ಯಾರು?

ಕನ್ನಡದಲ್ಲಿ ಬರೆಯುವ ಬಹಳಷ್ಟು ಜನರಿಗೆ ಈ ಕೆಲಸವೇ ಅಪರಿಚಿತ. ನಮ್ಮಲ್ಲಿ ಕಥೆ ಬರೆದವರು ನೇರವಾಗಿ ಪತ್ರಿಕೆಯ ಸಂಪಾದಕರಿಗೆ ಕಳಿಸುತ್ತಾರೆ. ಹತ್ತು ಹನ್ನೆರಡು ಕಥೆ ಆದ ಮೇಲೆ ಪ್ರಕಾಶಕರಿಗೆ ಫೋನ್ ಮಾಡುತ್ತಾರೆ. ಅಮೆರಿಕ ಮತ್ತು ಬ್ರಿಟನ್ನಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಇದು ನಡೆಯುವುದಿಲ್ಲ. ಲೇಖಕರು ನೇರವಾಗಿ ಕಳಿಸಿದ ಹಸ್ತಪ್ರತಿಯನ್ನು ಅಲ್ಲಿ ಸಾಮಾನ್ಯವಾಗಿ ಓದುವುದೇ ಇಲ್ಲ. ನಡುವೆ ಏಜೆಂಟ್ ಇರಬೇಕು.

ಏಜೆಂಟರು ಹಸ್ತಪ್ರತಿ ಓದಿ, ಬೇಕಿದ್ದರೆ ತಿದ್ದಿಸಿ, ಅದು ಯಾವ ಸಂಪಾದಕರಿಗೆ ಹಿಡಿಸೀತು ಎಂದು ಯೋಚಿಸಿ ಕಳಿಸುತ್ತಾರೆ. ಕರಾರು ಕುದುರಿಸುತ್ತಾರೆ. ಅನುವಾದದ ಹಕ್ಕು, ಸಿನಿಮಾ ಹಕ್ಕು, ಆಡಿಯೊ ಹಕ್ಕುಗಳನ್ನು ಬೇರೆ ಬೇರೆಯಾಗಿ ಮಾರುತ್ತಾರೆ. ಸ್ವದೇಶದ ಮಾರಾಟಕ್ಕೆ ಸಾಮಾನ್ಯವಾಗಿ ಶೇ 15, ವಿದೇಶದ ಹಕ್ಕುಗಳಿಗೆ ಶೇ 20ರ ಆಸುಪಾಸು ಕಮಿಷನ್ ಪಡೆಯುತ್ತಾರೆ. ಅದೂ ಪ್ರಕಾಶಕರು ಕೊಟ್ಟ ಹಣದಲ್ಲಿ. ಪುಸ್ತಕ ಮಾರಾಟ ಆಗದಿದ್ದರೆ ಅವರಿಗೂ ಒಂದು ಪೈಸೆ ಇಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾರತದಲ್ಲೂ ಏಜೆಂಟರಿದ್ದಾರೆ. ಜಕರಂಡ ಎಂಬ ಏಜೆನ್ಸಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 1997ರಲ್ಲಿ. ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್ ಕೂಡ ಪ್ರಕಾಶನ ವಲಯದಲ್ಲಿ ಪರಿಚಿತ ಹೆಸರುಗಳು. ಆದರೆ ಇವರೆಲ್ಲರ ವಹಿವಾಟು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳದ್ದು, ಇಂಗ್ಲಿಷಿಗೆ ಬಂದ ಅನುವಾದಗಳದ್ದು.

ಏಜೆಂಟರನ್ನು ತಲುಪುವ ಮಾಮೂಲಿ ದಾರಿ ಎಂದರೆ ಕ್ವೆರಿ ಪತ್ರ. ಪುಸ್ತಕ ಏನು, ಎಷ್ಟು ಪದ, ಯಾವ ಪ್ರಕಾರ, ಬರೆದವರು ಯಾರು ಎಂದು ಒಂದೇ ಪುಟದಲ್ಲಿ ಹೇಳಬೇಕು. ಜೊತೆಗೆ ಮೊದಲ ಕೆಲವು ಪುಟಗಳು. ಇವನ್ನು ಓದುವುದು ಏಜೆಂಟರ ಪೂರ್ಣಾವಧಿ ಕೆಲಸವಲ್ಲ. ಈಗಾಗಲೇ ಇರುವ ಲೇಖಕರ ಕೆಲಸ ಮುಗಿಸಿ, ಉಳಿದ ಸಮಯದಲ್ಲಿ ಓದುತ್ತಾರೆ. ಹಾಗಾಗಿ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ‘ಇಷ್ಟು ವಾರದಲ್ಲಿ ಉತ್ತರ ಬರದಿದ್ದರೆ ಬೇಡ ಎಂದು ತಿಳಿಯಿರಿ’ ಎಂದು ತಮ್ಮ ಜಾಲತಾಣದಲ್ಲೇ ಬರೆದುಕೊಂಡವರೂ ಉಂಟು.

ಹೀಗೆ ಬಾಗಿಲು ಮುಚ್ಚಿದ ಕೋಣೆಯೊಳಗೆ ತಮ್ಮ ಬರಹದ ಭವಿಷ್ಯ ತೀರ್ಮಾನವಾಗುವಾಗ, ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ ಆಸೆ ಯಾರಿಗಾದರೂ ಸಹಜ. ಟ್ವಿಟರ್ ಆ ಕೋಣೆಗೆ ಒಂದು ಕಿಟಕಿ ಇಟ್ಟಿತು.

ಎಲ್ಲರೂ ಹೇಳುವ ಉದಾಹರಣೆ

ಫಾಲೋ ಮಾಡಿ ಎನ್ನುವವರು ಸಾಮಾನ್ಯವಾಗಿ ಕೊಡುವ ಉದಾಹರಣೆ ಆಂಜೀ ಥಾಮಸ್ ಅವರದು. ಅಮೆರಿಕದ ಮಿಸಿಸಿಪಿಯ ಜಾಕ್ಸನ್ ನಗರದ ಲೇಖಕಿ. 2015ರಲ್ಲಿ ಬೆಂಟ್ ಏಜೆನ್ಸಿ ಎಂಬ ಸಂಸ್ಥೆ ಟ್ವಿಟರ್‌ನಲ್ಲಿ ಪ್ರಶ್ನೋತ್ತರ ನಡೆಸುತ್ತಿತ್ತು. ಪೊಲೀಸರ ಗುಂಡಿಗೆ ಕಪ್ಪು ಜನಾಂಗದ ಹುಡುಗನೊಬ್ಬ ಬಲಿಯಾಗುವ, ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಚಳವಳಿಯ ಹಿನ್ನೆಲೆಯ ವಿಷಯವನ್ನು ಹದಿಹರೆಯದವರ ಕಾದಂಬರಿಯಲ್ಲಿ ತರಬಹುದೇ ಎಂದು ಥಾಮಸ್ ಅಲ್ಲಿ ಕೇಳಿದರು. ಏಜೆಂಟ್ ಬ್ರೂಕ್ಸ್ ಶೆರ್ಮನ್ ಉತ್ತರಿಸಿದ್ದಷ್ಟೇ ಅಲ್ಲ, ಹಸ್ತಪ್ರತಿ ನೋಡಬೇಕು ಎಂದರು. ಮುಂದೆ ಅವರೇ ಥಾಮಸ್ ಅವರ ಏಜೆಂಟ್ ಆದರು. ಪುಸ್ತಕಕ್ಕಾಗಿ 13 ಪ್ರಕಾಶಕರ ನಡುವೆ ಹರಾಜು ನಡೆಯಿತು. 2017ರ ಫೆಬ್ರುವರಿಯಲ್ಲಿ ‘ದಿ ಹೇಟ್ ಯು ಗಿವ್’ ಪ್ರಕಟವಾಗಿ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. 2018ರಲ್ಲಿ ಸಿನಿಮಾ ಕೂಡ ಆಯಿತು.

ಕೇಳಲು ಸೊಗಸಾಗಿದೆ, ಪೂರ್ತಿ ನಿಜವೂ ಹೌದು. ಆದರೆ ಇದರಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಥಾಮಸ್ ಆ ಏಜೆಂಟರ ಪೋಸ್ಟುಗಳಿಗೆ ಲೈಕ್ ಕೊಡುತ್ತಾ ಕೂತು ಪರಿಚಯ ಸಂಪಾದಿಸಲಿಲ್ಲ. ಏಜೆನ್ಸಿಯೇ ‘ಕೇಳಿ, ಉತ್ತರಿಸುತ್ತೇವೆ’ ಎಂದು ಗೊತ್ತುಮಾಡಿದ ಹೊತ್ತಿನಲ್ಲಿ, ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಕೇಳಿದರು. ಆ ಕಾದಂಬರಿಯ ಬೀಜವೋ, ಅವರು ಕಾಲೇಜಿನಲ್ಲಿದ್ದಾಗ ಬರೆದ ಒಂದು ಸಣ್ಣಕಥೆ. ಆ ಹೊತ್ತಿಗೆ ಹಲವು ವರ್ಷ ಹಳೆಯದು. ಅದಕ್ಕೂ ಮೊದಲು ಬರೆದ ಬೇರೊಂದು ಪುಸ್ತಕವನ್ನು ಹಲವಾರು ಏಜೆಂಟರು ಬೇಡ ಎಂದಿದ್ದರು. ಟ್ವಿಟರ್ ಒಂದು ಅನುಮಾನವನ್ನು ಬಗೆಹರಿಸಿತು, ಒಂದು ಬಾಗಿಲು ತೋರಿಸಿತು. ಒಳಗೆ ಹೋದ ಮೇಲೆ ಮಾತಾಡಿದ್ದು ಹಸ್ತಪ್ರತಿ.

ಇನ್ನೊಂದು ಅಂಶವೂ ಇದೆ. ಈ ಕಥೆ ನಮಗೆ ಗೊತ್ತಿರುವುದು ಅದು ಗೆದ್ದಿದ್ದರಿಂದ. ಅವತ್ತು ಅದೇ ಪ್ರಶ್ನೋತ್ತರದಲ್ಲಿ ಪ್ರಶ್ನೆ ಕೇಳಿದ ಉಳಿದವರ ಹೆಸರು ಯಾರಿಗಾದರೂ ಗೊತ್ತೇ? ಲಾಟರಿ ಗೆದ್ದವನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಟಿಕೆಟ್ ಹರಿದು ಹಾಕಿದವರ ಫೋಟೊ ಬರುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ಗೆಲುವಿನ ಕಾರಣ ಹುಡುಕುವ ಈ ತಪ್ಪಿಗೆ ಸಂಶೋಧಕರು ‘ಸರ್ವೈವರ್‌ಶಿಪ್ ಬಯಾಸ್’ ಎನ್ನುತ್ತಾರೆ. ಉಳಿದವರ ಪೂರ್ವಗ್ರಹ ಎನ್ನಬಹುದು.

ಮೂರು ಟ್ವೀಟ್, ಒಂದು ಲೈಕ್

ಒಂದು ಕಾಲದಲ್ಲಿ ಟ್ವಿಟರ್‌ನಲ್ಲಿ ಲೈಕ್‌ಗೆ ನಿಜವಾಗಿಯೂ ಬೆಲೆ ಇತ್ತು. ಬ್ರೆಂಡಾ ಡ್ರೇಕ್ ಎಂಬ ಲೇಖಕಿ ಶುರು ಮಾಡಿದ ‘ಪಿಟ್‌ಮ್ಯಾಡ್’ ಎಂಬ ದಿನಗಳು ನಡೆಯುತ್ತಿದ್ದವು. ಆ ದಿನ ಬರಹಗಾರರು ತಮ್ಮ ಪೂರ್ತಿಯಾದ ಪುಸ್ತಕವನ್ನು ಒಂದು ಟ್ವೀಟ್‌ನಷ್ಟು ಜಾಗದಲ್ಲಿ ಹೇಳಬೇಕು. ಒಂದು ಪುಸ್ತಕಕ್ಕೆ ಮೂರು ಟ್ವೀಟ್ ಮಾತ್ರ. ಏಜೆಂಟರು ಲೈಕ್ ಒತ್ತಿದರೆ ‘ಕಳಿಸಿ, ನೋಡುತ್ತೇನೆ’ ಎಂದು ಅರ್ಥ. ಗೆಳೆಯರು ಅಪ್ಪಿತಪ್ಪಿಯೂ ಲೈಕ್ ಒತ್ತುವಂತಿಲ್ಲ, ರಿಟ್ವೀಟ್ ಮಾತ್ರ ಮಾಡಬೇಕು. (ಲೈಕ್ ಬಂತೆಂದು ಓಡಿ ಬಂದು ನೋಡಿದರೆ ಚಿಕ್ಕಮ್ಮನ ಮಗಳ ಹೆಸರು ಕಂಡವರ ಪಾಡು ಊಹಿಸಿಕೊಳ್ಳಿ.) 2016ರಲ್ಲಿ ಏಜೆಂಟ್ ಬೆತ್ ಫೆಲನ್, ಪ್ರಕಾಶನ ಲೋಕದಲ್ಲಿ ಜಾಗ ಸಿಗದ ಸಮುದಾಯಗಳ ಬರಹಗಾರರಿಗಾಗಿಯೇ ‘ಡಿವಿಪಿಟ್’ ಆರಂಭಿಸಿದರು. ದೊಡ್ಡ ಊರಿನಲ್ಲಿ ಗೊತ್ತಿರುವವರು ಯಾರೂ ಇಲ್ಲದವರಿಗೆ ಇವು ದೊಡ್ಡ ಅನುಕೂಲವೇ ಆಗಿದ್ದವು.

ಡ್ರೇಕ್ ಅವರದೇ ಇನ್ನೊಂದು ಕಾರ್ಯಕ್ರಮ ‘ಪಿಚ್ ವಾರ್ಸ್’. ಇಲ್ಲಿ ಅನುಭವಿ ಲೇಖಕರು ಹೊಸಬರ ಹಸ್ತಪ್ರತಿಗಳನ್ನು ಆಯ್ದು, ತಿಂಗಳುಗಟ್ಟಲೆ ಜೊತೆಗಿದ್ದು ತಿದ್ದಿಸಿ, ಆಮೇಲೆ ಏಜೆಂಟರ ಮುಂದೆ ಇಡುತ್ತಿದ್ದರು. ನೈಜೀರಿಯ ಮೂಲದ ಅಮೆರಿಕನ್ ಲೇಖಕಿ ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ ಈ ದಾರಿಯಲ್ಲಿ ಹೋಗಿ 2018ರಲ್ಲಿ ಪ್ರಕಟವಾದ ಕಾದಂಬರಿ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ನಿಜವಾದ ಸಹಾಯ ಆ ತಿದ್ದುಪಡಿಯ ತಿಂಗಳುಗಳು. ಏಜೆಂಟರ ಕಣ್ಣಿಗೆ ಬೀಳುವುದು ಅದರ ಕೊನೆಯ ಮೆಟ್ಟಿಲು ಅಷ್ಟೇ.

2022ರ ಆರಂಭದಲ್ಲಿ ಪಿಚ್ ವಾರ್ಸ್, ಪಿಟ್‌ಮ್ಯಾಡ್ ಎರಡೂ ಮುಚ್ಚಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ವಿಟರ್ ಕೈ ಬದಲಾಯಿತು, ಮರುವರ್ಷ ಹೆಸರೂ ‘ಎಕ್ಸ್’ ಎಂದಾಯಿತು. ಒಂದೇ ಕಡೆ ಸೇರುತ್ತಿದ್ದ ಏಜೆಂಟರು ಇನ್‌ಸ್ಟಾಗ್ರಾಮ್, ಬ್ಲೂಸ್ಕೈ, ಥ್ರೆಡ್ಸ್ ಎಂದು ಚದುರಿದರು. ಕೆಲವರು ಎಲ್ಲವನ್ನೂ ಬಿಟ್ಟರು. ಅಂದರೆ ಇವತ್ತು ಯಾರಾದರೂ ‘ಫಾಲೋ ಮಾಡಿದರೆ ಏಜೆಂಟ್ ಸಿಗುತ್ತಾರೆ’ ಎಂದರೆ, ಅವರು ಹತ್ತು ವರ್ಷದ ಹಿಂದಿನ ಊರಿನ ನಕ್ಷೆ ಕೈಗಿಡುತ್ತಿದ್ದಾರೆ ಎಂದೇ ಅರ್ಥ.

ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತೇ?

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಬಂಧ ಬರೆದರು. ರೇಡಿಯೊ ಮತ್ತು ಟಿವಿ ನಿರೂಪಕರನ್ನು ದಿನಾ ನೋಡುವ ಜನರಿಗೆ, ಅವರು ತಮ್ಮ ಆಪ್ತರೇ ಎಂಬ ಭಾವನೆ ಬೆಳೆಯುತ್ತದೆ ಎನ್ನುವುದನ್ನು ಅವರು ಗುರುತಿಸಿದ್ದರು. ನಿರೂಪಕ ಕ್ಯಾಮೆರಾ ನೋಡಿ ನಕ್ಕರೆ ನನ್ನನ್ನೇ ನೋಡಿ ನಕ್ಕ ಹಾಗೆ ಅನಿಸುತ್ತದೆ. ಅವನ ಮನೆ, ಮಕ್ಕಳು, ಇಷ್ಟದ ತಿಂಡಿ ಎಲ್ಲ ನಮಗೆ ಗೊತ್ತು. ಅವನಿಗೆ ಮಾತ್ರ ನಾವಿದ್ದೇವೆ ಎನ್ನುವುದೇ ಗೊತ್ತಿಲ್ಲ. ಈ ಒನ್‌ವೇ ನಂಟಿಗೆ ಅವರು ಇಟ್ಟ ಹೆಸರು ‘ಪ್ಯಾರಾಸೋಷಿಯಲ್’. ಸಂವಹನ ಓದುವ ಅನೇಕ ವಿದ್ಯಾರ್ಥಿಗಳು ಇದನ್ನು ಓದಿರುತ್ತಾರೆ, ಓದಿದ ಮೇಲೂ ಅದರಲ್ಲೇ ಬೀಳಬಹುದು. ಸಾಮಾಜಿಕ ಜಾಲತಾಣದ ವಿನ್ಯಾಸವೇ ಹಾಗಿದೆ. ಟಿವಿ ನಿರೂಪಕ ಯಾವತ್ತೂ ನಮಗೆ ಉತ್ತರ ಕೊಡುತ್ತಿರಲಿಲ್ಲ. ಇಲ್ಲಿ ಅಪರೂಪಕ್ಕೊಮ್ಮೆ ಒಂದು ಹೃದಯದ ಚಿಹ್ನೆ ಬರುತ್ತದೆ. ಆ ಒಂದು ಚಿಹ್ನೆ ಸಾಕು, ನಂಟು ಎರಡು ಕಡೆಯದು ಎಂದು ಮನಸ್ಸು ನಂಬಿಬಿಡುತ್ತದೆ.

ಏಜೆಂಟರ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ. ಇಂಗ್ಲಿಷ್ ಪ್ರಕಾಶನದಲ್ಲಿ ಈಗ ಅನೇಕ ಏಜೆಂಟರು ಕ್ವೆರಿಗಳನ್ನು ‘ಕ್ವೆರಿಮ್ಯಾನೇಜರ್’ನಂಥ ಆನ್‌ಲೈನ್ ಅರ್ಜಿಯಲ್ಲಿ ಪಡೆಯುತ್ತಾರೆ. ಅದರಲ್ಲಿ ಪುಸ್ತಕದ ಹೆಸರು, ಪ್ರಕಾರ, ಪದಗಳ ಲೆಕ್ಕ, ಪತ್ರ, ಮಾದರಿ ಪುಟಗಳು ಇರುತ್ತವೆ. ನೀವು ಎರಡು ವರ್ಷ ಕೊಟ್ಟ ಲೈಕುಗಳ ಲೆಕ್ಕ ಅಲ್ಲಿರುವುದಿಲ್ಲ. ಎಷ್ಟೋ ಕಡೆ ಮೊದಲು ಓದುವುದು ಸಹಾಯಕರು. ಏಜೆಂಟರ ಬೆಕ್ಕಿನ ಹೆಸರು ನಿಮಗೆ ಗೊತ್ತಿದ್ದರೂ ಆ ಸಹಾಯಕರಿಗೆ ನಿಮ್ಮ ಮೊದಲ ಪುಟ ಬಿಟ್ಟು ಬೇರೇನೂ ಗೊತ್ತಿಲ್ಲ. ಇನ್‌ಬಾಕ್ಸ್‌ನಲ್ಲಿ ನೇರವಾಗಿ ಪುಸ್ತಕದ ಬಗ್ಗೆ ಮೆಸೇಜ್ ಮಾಡಿದರಂತೂ ಬಹುತೇಕ ಏಜೆಂಟರಿಗೆ ಕಿರಿಕಿರಿಯೇ. ಮದುವೆ ಊಟಕ್ಕೆ ಕೂತ ಡಾಕ್ಟರಿಗೆ ಎಕ್ಸ್‌ರೇ ತೋರಿಸಿದ ಹಾಗೆ.

ಇನ್ನು ಅವರು ಬರೆದದ್ದನ್ನೆಲ್ಲ ತಮಗೇ ಬರೆದದ್ದು ಎಂದು ಓದುವ ತೊಂದರೆ. ಏಜೆಂಟರೊಬ್ಬರು ‘ಕನಸಿನಿಂದ ಏಳುವ ದೃಶ್ಯದಿಂದ ಶುರುವಾಗುವ ಕಾದಂಬರಿಗಳು ಸಾಕಪ್ಪಾ’ ಎಂದು ಒಂದು ಮಂಗಳವಾರ ಮಧ್ಯಾಹ್ನ ಬರೆದರು ಎಂದುಕೊಳ್ಳಿ. ಉತ್ತರಕ್ಕೆ ಕಾಯುತ್ತಿರುವ ನೂರು ಜನ ಅದನ್ನು ಓದುತ್ತಾರೆ. ಅವರಲ್ಲಿ ಹತ್ತು ಜನರ ಕಾದಂಬರಿ ಕನಸಿನಿಂದ ಶುರುವಾಗುತ್ತದೆ, ಹತ್ತೂ ಜನ ಅದು ತಮ್ಮ ಬಗ್ಗೆಯೇ ಎಂದುಕೊಳ್ಳುತ್ತಾರೆ. ಉಳಿದವರಲ್ಲಿ ಕೆಲವರು ಇದನ್ನು ನಿಯಮ ಎಂದು ಬರೆದಿಟ್ಟುಕೊಳ್ಳುತ್ತಾರೆ. ನಾಳೆ ಇನ್ನೊಬ್ಬ ಏಜೆಂಟ್ ಬೇರೆ ಏನನ್ನೋ ಬೇಡ ಎನ್ನುತ್ತಾರೆ. ಹೀಗೆ ಹದಿನೈದು ಜನರ ಬೇಸರಗಳನ್ನು ಕೂಡಿಸಿ ಕಾದಂಬರಿಯನ್ನು ತಿದ್ದುತ್ತಾ ಹೋದರೆ, ಕೊನೆಗೆ ಉಳಿಯುವುದು ಯಾರಿಗೂ ಬೇಸರ ತರಿಸದ, ಯಾರಿಗೂ ಬೇಕಾಗದ ಬರಹ.

2009ರಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆಯಾಗಿತ್ತು. ಕೆಲವು ಏಜೆಂಟರು ಮತ್ತು ಸಂಪಾದಕರು ‘ಕ್ವೆರಿಫೇಲ್’ ಎಂಬ ಹ್ಯಾಷ್‌ಟ್ಯಾಗ್‌ನಲ್ಲಿ, ತಮಗೆ ಬಂದ ಪತ್ರಗಳು ಯಾಕೆ ಸೋತವು ಎಂದು ಹೆಸರು ಹೇಳದೆ ಸಾಲುಸಾಲಾಗಿ ಬರೆದರು. ಕಲಿಸುವುದು ತಮ್ಮ ಉದ್ದೇಶ ಎಂದರು. ಓದಿದ ಹಲವರಿಗೆ ಅದು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದಂತೆ ಕಂಡಿತು. ಬರಹಗಾರರು ‘ಏಜೆಂಟ್‌ಫೇಲ್’ ಎಂದು ತಿರುಗಿ ಬರೆದರು. ಎರಡೂ ಕಡೆಯ ಮಾತಿನಲ್ಲಿ ತಿರುಳಿತ್ತು ಎನ್ನುವುದು ನಮ್ಮ ಅನಿಸಿಕೆ. ಆ ಪೋಸ್ಟುಗಳಿಂದ ಕಲಿತವರೂ ಇದ್ದರು, ಪತ್ರ ಕಳಿಸುವ ಧೈರ್ಯವನ್ನೇ ಕಳೆದುಕೊಂಡವರೂ ಇದ್ದಿರಬೇಕು.

ಹಾಗಾದರೆ ಪ್ರಯೋಜನವೇ ಇಲ್ಲವೇ?

ಇದೆ. ಏಜೆಂಟರು ಆಗಾಗ ಕ್ವೆರಿ ಸ್ವೀಕರಿಸುವುದನ್ನು ನಿಲ್ಲಿಸುತ್ತಾರೆ, ಮತ್ತೆ ತೆರೆಯುತ್ತಾರೆ. ಏಜೆನ್ಸಿ ಬದಲಿಸುತ್ತಾರೆ. ಹೆರಿಗೆ ರಜೆಗೆ ಹೋಗುತ್ತಾರೆ. ಇಂಥ ಸುದ್ದಿ ಜಾಲತಾಣದಲ್ಲಿ ಬೇಗ ಗೊತ್ತಾಗುತ್ತದೆ. ತಮಗೆ ಎಂಥ ಪುಸ್ತಕ ಬೇಕು ಎಂದು ‘ಮ್ಯಾನುಸ್ಕ್ರಿಪ್ಟ್ ವಿಶ್ ಲಿಸ್ಟ್’ ಎಂಬ ಹೆಸರಿನಲ್ಲಿ ಅವರು ಬರೆಯುವ ಟಿಪ್ಪಣಿಗಳು ನಿಜಕ್ಕೂ ಉಪಯುಕ್ತ. ಅಡುಗೆ ಪುಸ್ತಕ ಮಾತ್ರ ತೆಗೆದುಕೊಳ್ಳುವವರಿಗೆ ಪತ್ತೇದಾರಿ ಕಾದಂಬರಿ ಕಳಿಸಿ ಆರು ತಿಂಗಳು ಕಾಯುವುದು ಇದರಿಂದ ತಪ್ಪುತ್ತದೆ. ಆದರೆ ಆ ಪಟ್ಟಿ ನೋಡಿ ಹೊಸ ಪುಸ್ತಕ ಬರೆಯಲು ಕೂರುವುದು ಬೇಡ. ಬರೆಯಲು ಒಂದೆರಡು ವರ್ಷ, ಏಜೆಂಟ್ ಸಿಕ್ಕಿ ಪ್ರಕಾಶಕರು ಒಪ್ಪಿದ ಮೇಲೂ ಅಚ್ಚಾಗಲು ಮತ್ತೆ ಒಂದೆರಡು ವರ್ಷ. ಇವತ್ತಿನ ಆಸೆ ಅಷ್ಟು ದಿನ ಉಳಿದಿರುವುದಿಲ್ಲ.

ಅವರು ಈಗಾಗಲೇ ಮಾರಿದ ಪುಸ್ತಕಗಳನ್ನು ಗಮನಿಸುವುದು ಇನ್ನೂ ಒಳ್ಳೆಯದು. ಏಜೆಂಟರ ರುಚಿ ಅವರ ಮಾತಿಗಿಂತ ಅವರ ಲೇಖಕರ ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಫಾಲೋ ಮಾಡಬೇಕೆಂದೂ ಇಲ್ಲ. ಅವರ ಏಜೆನ್ಸಿಯ ಜಾಲತಾಣ, ಇಷ್ಟದ ಪುಸ್ತಕಗಳ ಕೊನೆಯಲ್ಲಿರುವ ಕೃತಜ್ಞತೆಯ ಪುಟ ನೋಡಿದರೆ ಸಾಕು. ಲೇಖಕರು ತಮ್ಮ ಏಜೆಂಟರ ಹೆಸರನ್ನು ಅಲ್ಲಿ ಬರೆಯದೆ ಬಿಡುವುದು ಕಡಿಮೆ.

ಹಣದ ವಿಷಯಕ್ಕೆ ಬಂದರೆ, ಏಜೆಂಟರಿಗಿಂತ ಸಹಬರಹಗಾರರನ್ನು ಫಾಲೋ ಮಾಡುವುದು ಲಾಭ. 2020ರ ಜೂನ್‌ನಲ್ಲಿ ಲೇಖಕಿ ಎಲ್.ಎಲ್. ಮೆಕಿನ್ನಿ ‘ಪಬ್ಲಿಷಿಂಗ್‌ಪೇಯ್ಡ್‌ಮಿ’ ಎಂಬ ಹ್ಯಾಷ್‌ಟ್ಯಾಗ್ ಆರಂಭಿಸಿದಾಗ, ಅಲ್ಲಿಯವರೆಗೆ ಗುಟ್ಟಾಗಿದ್ದ ಮುಂಗಡ ಹಣದ ಲೆಕ್ಕಗಳು ಹೊರಬಿದ್ದವು. ರೊಕ್ಸಾನ್ ಗೇ ತಮ್ಮ ಮೊದಲ ಕಾದಂಬರಿಗೆ 12,500 ಡಾಲರ್, ‘ಬ್ಯಾಡ್ ಫೆಮಿನಿಸ್ಟ್’ಗೆ 15,000 ಡಾಲರ್ ಸಿಕ್ಕಿತ್ತು ಎಂದರು. ಮೂರು ವರ್ಷ ಸತತವಾಗಿ ಹ್ಯೂಗೊ ಪ್ರಶಸ್ತಿ ಪಡೆದ ‘ಬ್ರೋಕನ್ ಅರ್ತ್’ ಸರಣಿಯ ಒಂದೊಂದು ಪುಸ್ತಕಕ್ಕೂ 25,000 ಡಾಲರ್ ಬಂದಿತ್ತು ಎಂದು ಎನ್.ಕೆ. ಜೆಮಿಸಿನ್ ತಿಳಿಸಿದರು. ಬಿಳಿಯ ಲೇಖಕರಲ್ಲಿ ಕೆಲವರು ಹೇಳಿದ ಮೊತ್ತ ಇದರ ಹಲವು ಪಟ್ಟು. ಕರಾರಿಗೆ ಕೂರುವ ಹೊಸಬರಿಗೆ ಏಜೆಂಟರ ನೂರು ಸಲಹೆಗಳಿಗಿಂತ ಈ ಅಂಕಿಗಳೇ ಹೆಚ್ಚು ಉಪಕಾರಿ.

‘ನನಗೆ ಫಾಲೋವರ್ಸ್ ಇಲ್ಲ, ಏಜೆಂಟ್ ಒಪ್ಪುತ್ತಾರಾ?’ ಎನ್ನುವುದು ಇದರ ಜೊತೆಗೇ ಬರುವ ಪ್ರಶ್ನೆ. ಆರೋಗ್ಯ, ಅಡುಗೆ, ಹಣಕಾಸಿನಂಥ ಕಥೇತರ ಪುಸ್ತಕಕ್ಕೆ ಬರೆದವರ ಹೆಸರು, ಓದುಗ ಬಳಗ ಖಂಡಿತ ಲೆಕ್ಕಕ್ಕೆ ಬರುತ್ತದೆ. ಕಾದಂಬರಿಗೆ ಅದು ಕಡ್ಡಾಯವಲ್ಲ.

ನಿಮ್ಮನ್ನು ಹುಡುಕಿಕೊಂಡು ಬರುವ ‘ಏಜೆಂಟ್’

ಈಗ ಮುಖ್ಯವಾದ ಎಚ್ಚರಿಕೆಗೆ ಬರೋಣ. ಏಜೆಂಟರನ್ನು ಫಾಲೋ ಮಾಡಿ, ‘ಬರಹಗಾರ, ಮೊದಲ ಕಾದಂಬರಿ ಸಿದ್ಧವಾಗಿದೆ’ ಎಂದು ಬಯೊದಲ್ಲಿ ಹಾಕಿಕೊಂಡವರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಇದಕ್ಕಿಂತ ಒಳ್ಳೆಯ ಗಿರಾಕಿಗಳ ಪಟ್ಟಿ ವಂಚಕನಿಗೆ ಇನ್ನೆಲ್ಲಿ ಸಿಗಬೇಕು? ನಿಜವಾದ ಏಜೆಂಟರ ಹೆಸರು, ಫೋಟೊ ಹಾಕಿ ನಕಲಿ ಖಾತೆ ತೆರೆದು ‘ನಿಮ್ಮ ಬರಹ ನೋಡಿದೆ, ತುಂಬಾ ಹಿಡಿಸಿತು’ ಎಂದು ಮೆಸೇಜ್ ಕಳಿಸುತ್ತಾರೆ. ತಿಂಗಳುಗಟ್ಟಲೆ ಅವರ ಪೋಸ್ಟು ಓದಿದವರಿಗೆ ಅನುಮಾನ ಬರುವುದಿಲ್ಲ, ಕೊನೆಗೂ ಗುರುತಿಸಿದರಲ್ಲ ಎಂಬ ಸಂತೋಷವಾಗುತ್ತದೆ. ಮೇಲೆ ಹೇಳಿದ ಒನ್‌ವೇ ನಂಟಿನ ಬೆಲೆ ಕಟ್ಟುವುದು ಇಲ್ಲಿ.

ಪ್ರಕಾಶನ ಲೋಕದಲ್ಲಿ ಹೆಸರು ಕದಿಯುವುದು ಎಷ್ಟು ಸುಲಭ ಎಂದು ತಿಳಿಯಲು ಫಿಲಿಪ್ಪೊ ಬರ್ನಾರ್ಡಿನಿ ಪ್ರಕರಣ ನೋಡಿ. ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಈ ಇಟಲಿಯ ಯುವಕ, ಏಜೆಂಟರ ಮತ್ತು ಸಂಪಾದಕರ ಹೆಸರಿನಲ್ಲಿ ಇಮೇಲ್ ಕಳಿಸಿ 1,000ಕ್ಕೂ ಹೆಚ್ಚು ಅಪ್ರಕಟಿತ ಹಸ್ತಪ್ರತಿಗಳನ್ನು ತರಿಸಿಕೊಂಡಿದ್ದ. ಅದಕ್ಕಾಗಿ 160ಕ್ಕೂ ಹೆಚ್ಚು ನಕಲಿ ಡೊಮೇನ್‌ಗಳನ್ನು ನೋಂದಾಯಿಸಿದ್ದ. ತಂತ್ರ ಬಹಳ ಸರಳ. ಇಂಗ್ಲಿಷಿನ ಸಣ್ಣ ‘ಎಂ’ ಅಕ್ಷರದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಪಕ್ಕಪಕ್ಕ ಬರೆದರೆ ಅವಸರದಲ್ಲಿ ಓದುವ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. 2022ರ ಜನವರಿಯಲ್ಲಿ ನ್ಯೂಯಾರ್ಕ್‌ನ ವಿಮಾನ ನಿಲ್ದಾಣದಲ್ಲಿ ಅವನ ಬಂಧನವಾಯಿತು, ಮರುವರ್ಷ ತಪ್ಪೊಪ್ಪಿಕೊಂಡ. ಅವನು ಹಣ ಕೇಳಿರಲಿಲ್ಲ, ಹಸ್ತಪ್ರತಿಗಳನ್ನು ಸೋರಿಕೆ ಮಾಡಲೂ ಇಲ್ಲ. ಎಲ್ಲರಿಗಿಂತ ಮೊದಲು ಓದುವ ಆಸೆ ಎಂದ. ಅನುಭವಿ ಲೇಖಕರು, ಸಂಪಾದಕರೇ ಮೋಸ ಹೋಗಿದ್ದರು ಎಂದ ಮೇಲೆ ಹೊಸಬರ ಮಾತೇನು?

ಹಣ ಕೇಳುವವರ ಕಥೆ ಬೇರೆ. ಕ್ಯಾಲಿಫೋರ್ನಿಯಾದ ಪೇಜ್‌ಟರ್ನರ್ ಎಂಬ ಸಂಸ್ಥೆಗೆ ಸಂಬಂಧಿಸಿದ ಮೂವರ ಮೇಲೆ ಅಮೆರಿಕದ ಫೆಡರಲ್ ವಕೀಲರು ಹೊರಿಸಿದ ಆರೋಪದ ಪ್ರಕಾರ, 2017ರಿಂದ 2024ರ ನಡುವೆ 800ಕ್ಕೂ ಹೆಚ್ಚು ಬರಹಗಾರರಿಂದ ವಸೂಲಾದ ಹಣ 4.4 ಕೋಟಿ ಡಾಲರ್‌ಗೂ ಹೆಚ್ಚು. ಮೋಸ ಹೋದವರಲ್ಲಿ ಬಹಳಷ್ಟು ಜನ ವಯಸ್ಸಾದವರು. ದೊಡ್ಡ ಪ್ರಕಾಶಕರು, ಸಿನಿಮಾ ಕಂಪನಿಗಳು ನಿಮ್ಮ ಪುಸ್ತಕ ಕೇಳುತ್ತಿದ್ದಾರೆ, ಅದಕ್ಕೆ ಮೊದಲು ಇಷ್ಟು ಶುಲ್ಕ, ಆಮೇಲೆ ಇಷ್ಟು ತೆರಿಗೆ ಎಂದು ಕಂತುಕಂತಾಗಿ ಹಣ ಪಡೆದರು ಎನ್ನುವುದು ಆರೋಪ. ಇಂಥ ಮೋಸಗಳನ್ನು 1998ರಿಂದಲೂ ದಾಖಲಿಸುತ್ತಾ ಬಂದಿರುವ ‘ರೈಟರ್ ಬಿವೇರ್’ ಎಂಬ ಉಚಿತ ಜಾಲತಾಣವಿದೆ. ಯಾರ ಹೆಸರಿನಲ್ಲಿ ಮೆಸೇಜ್ ಬಂದರೂ ಮೊದಲು ಅಲ್ಲಿ ಹುಡುಕಿ.

ಇಲ್ಲಿ ಕನ್ನಡದ ಬರಹಗಾರರಿಗೆ ಒಂದು ವಿಶೇಷ ಅಪಾಯವಿದೆ ಎಂದು ನಮಗೆ ಅನಿಸುತ್ತದೆ. ಅಮೆರಿಕದಲ್ಲಿ ಹೊಸ ಲೇಖಕರಿಗೆ ಮೊದಲು ಕಲಿಸುವ ಪಾಠ, ಹಣ ಲೇಖಕರ ಕಡೆಗೆ ಬರಬೇಕೇ ಹೊರತು ಅವರ ಕಡೆಯಿಂದ ಹೋಗಬಾರದು ಎಂದು. ನಮ್ಮಲ್ಲಿ ಹಾಗಿಲ್ಲ. ಮೊದಲ ಕವನ ಸಂಕಲನದ ಮುದ್ರಣದ ಖರ್ಚನ್ನು ತಾವೇ ಕೊಡುವುದು, ಇನ್ನೂರು ಪ್ರತಿಗಳನ್ನು ತಾವೇ ಕೊಂಡು ಬಿಡುಗಡೆ ಸಮಾರಂಭದಲ್ಲಿ ಹಂಚುವುದು ಇಲ್ಲಿ ಹೊಸದೇನಲ್ಲ, ನಾಚಿಕೆಯ ವಿಷಯವೂ ಅಲ್ಲ. ಹಾಗಾಗಿ ‘ಹಸ್ತಪ್ರತಿ ಓದುವ ಶುಲ್ಕ 25 ಸಾವಿರ’ ಎಂದು ಯಾರಾದರೂ ಕೇಳಿದರೆ ನಮ್ಮ ತಲೆಯಲ್ಲಿ ಗಂಟೆ ಬಾರಿಸುವುದೇ ಇಲ್ಲ. ಪ್ರಕಟಣೆ ಎಂದರೆ ಖರ್ಚು ಇದ್ದದ್ದೇ ಎಂದು ಕೊಟ್ಟುಬಿಡುತ್ತೇವೆ. ಏಜೆಂಟರ ಆದಾಯ ಮಾರಾಟದ ಕಮಿಷನ್ ಮಾತ್ರ ಎಂದು ಮೊದಲೇ ಹೇಳಿದ್ದು ಇದಕ್ಕೇ. ಅಮೆರಿಕದ ಏಜೆಂಟರ ಸಂಘ ಓದುವುದಕ್ಕೆ ಶುಲ್ಕ ಪಡೆಯುವುದನ್ನು ತನ್ನ ಸದಸ್ಯರಿಗೆ ನಿಷೇಧಿಸಿದೆ. ಓದುವುದಕ್ಕೆ, ನೋಂದಣಿಗೆ, ‘ಪ್ರಕಾಶಕರಿಗೆ ತಲುಪಿಸುವುದಕ್ಕೆ’ ಹಣ ಕೇಳುವವರು ಏನೇ ಆಗಿರಲಿ, ಏಜೆಂಟರಲ್ಲ.

ಪರೀಕ್ಷಿಸುವುದು ಕಷ್ಟವಿಲ್ಲ. ಬಂದ ಮೆಸೇಜಿಗೆ ಅಲ್ಲೇ ಉತ್ತರಿಸಬೇಡಿ, ಅದರಲ್ಲಿರುವ ಕೊಂಡಿ ಒತ್ತಬೇಡಿ. ಏಜೆನ್ಸಿಯ ಜಾಲತಾಣವನ್ನು ನೀವೇ ಹುಡುಕಿ ತೆರೆದು, ಅಲ್ಲಿರುವ ಇಮೇಲ್‌ಗೆ ‘ಇದನ್ನು ಕಳಿಸಿದ್ದು ನೀವೇ?’ ಎಂದು ಎರಡು ಸಾಲು ಬರೆಯಿರಿ. ಡೊಮೇನ್ ಹೆಸರನ್ನು ಅಕ್ಷರ ಅಕ್ಷರವಾಗಿ, ಸಾಧ್ಯವಾದರೆ ದೊಡ್ಡದು ಮಾಡಿ ಓದಿ.

ಕನ್ನಡದಲ್ಲಿ ಬರೆಯುವವರು ಯಾರನ್ನು ನೋಡಬೇಕು?

2025ರ ಮೇ 20ರಂದು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ‘ನಾವೂ ಏಜೆಂಟರನ್ನು ಹಿಡಿಯಬೇಕಾ?’ ಎಂಬ ಪ್ರಶ್ನೆ ಕನ್ನಡದಲ್ಲೂ ಏಳುವುದು ಸಹಜ. ಆ ಪುಸ್ತಕದ ದಾರಿಯನ್ನೇ ನೋಡಿ. ಹನ್ನೆರಡು ಕಥೆಗಳು, ಬರೆದದ್ದು 1990ರಿಂದ 2023ರವರೆಗೆ. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಪ್ರಕಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರುವ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ. ಪ್ರಶಸ್ತಿಯ 50,000 ಪೌಂಡ್ ಲೇಖಕಿ ಮತ್ತು ಅನುವಾದಕಿಗೆ ಸಮಪಾಲು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಹೊರದೇಶದ ಓದುಗರನ್ನು ಮುಟ್ಟಿದ್ದು ಕೂಡ ಶ್ರೀನಾಥ್ ಪೇರೂರ್ ಅವರ ಅನುವಾದ 2015ರಲ್ಲಿ ಭಾರತದಲ್ಲಿ ಬಂದ ನಂತರ. ಕನ್ನಡದ ಹಸ್ತಪ್ರತಿಯನ್ನು ಲಂಡನ್ನಿನ ಏಜೆಂಟ್ ಓದಲಾರರು. ಅವರ ಕೈಗೆ ಬರುವುದು ಅನುವಾದದ ಮಾದರಿ ಪುಟಗಳು. ಹಾಗಾಗಿ ನಮ್ಮವರು ಹುಡುಕಬೇಕಾದ ಮೊದಲ ವ್ಯಕ್ತಿ ಅನುವಾದಕರು. ಕನ್ನಡದಿಂದ ಇಂಗ್ಲಿಷಿಗೆ ಯಾರು ಅನುವಾದಿಸುತ್ತಿದ್ದಾರೆ, ಅವರಿಗೆ ಎಂಥ ಬರಹ ಹಿಡಿಸುತ್ತದೆ ಎಂಬುದು ಅವರು ಮಾಡಿದ ಕೆಲಸದಲ್ಲೇ ಕಾಣುತ್ತದೆ. ‘ವರ್ಡ್ಸ್ ವಿದೌಟ್ ಬಾರ್ಡರ್ಸ್’, ‘ಅಸಿಂಪ್ಟೋಟ್’ ಥರದ ಅನುವಾದ ಪತ್ರಿಕೆಗಳ ಖಾತೆಗಳನ್ನು ಫಾಲೋ ಮಾಡಿದರೆ ಬರಹ ಕಳಿಸಲು ಕರೆ ಬಂದಾಗ ಗೊತ್ತಾಗುತ್ತದೆ. ಕಥೇತರ ಕೃತಿಗಳನ್ನು ಇಂಗ್ಲಿಷಿಗೆ ತರುವವರಿಗೆ ನ್ಯೂ ಇಂಡಿಯಾ ಫೌಂಡೇಶನ್ ಕೊಡುವ ಅನುವಾದ ಫೆಲೋಶಿಪ್‌ನ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು.

ಪುಸ್ತಕ ಕನ್ನಡದಲ್ಲೇ ಬಂದರೆ ಸಾಕು ಎನ್ನುವವರಿಗೆ ಏಜೆಂಟರ ಅಗತ್ಯವೇ ಇಲ್ಲ. ಹೊಸ ಕಥೆಗಾರರ ಹಸ್ತಪ್ರತಿಗೆ ಛಂದ ಪುಸ್ತಕ ನಡೆಸುತ್ತಾ ಬಂದಿರುವ ಸ್ಪರ್ಧೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ, ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ಇವೆ. ಇವುಗಳ ಪ್ರಕಟಣೆಯನ್ನು ಪತ್ರಿಕೆಯಲ್ಲೋ ಆಯಾ ಸಂಸ್ಥೆಯ ಪುಟದಲ್ಲೋ ನೋಡಿ, ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರವೇಶದ ನಿಯಮಗಳನ್ನು ಪೂರ್ತಿ ಓದಿ. ಅಪ್ರಕಟಿತ ಕಥೆಗಳನ್ನು ಮಾತ್ರ ಕೇಳುವ ಕಡೆ, ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನು ಅಪ್ರಕಟಿತ ಎಂದು ಒಪ್ಪುತ್ತಾರೋ ಇಲ್ಲವೋ ಎಂದು ಕಳಿಸುವ ಮೊದಲೇ ಕೇಳಿಕೊಳ್ಳಿ.